ಮರಕ್ಕಿಂತ ದಾಖಲೆಗೇ ಬೆಲೆ: ಪಾಲಿನೇಷ್ಯದ ಹಳೆಯ ಮರದ ವಿಗ್ರಹಗಳ ಸಂಗ್ರಹ

2017ರ ನವೆಂಬರ್ ತಿಂಗಳಿನಲ್ಲಿ ಪ್ಯಾರಿಸ್ ನಗರದಲ್ಲಿ ಕ್ರಿಸ್ಟೀಸ್ ಸಂಸ್ಥೆಯು ನಡೆಸಿದ ಹರಾಜಿನಲ್ಲಿ ಎರಡು ಅಡಿಯೂ ಎತ್ತರವಿಲ್ಲದ ಒಂದು ಮರದ ವಿಗ್ರಹವು ಸುಮಾರು 63 ಲಕ್ಷ ಯೂರೋಗಳಿಗೆ, ಎಂದರೆ ಅಂದಿನ ವಿನಿಮಯ ದರದಲ್ಲಿ 48 ಕೋಟಿ ರೂಪಾಯಿಗಳಷ್ಟು ಬೆಲೆಗೆ ಮಾರಾಟವಾಯಿತು. ಅದು ಹವಾಯಿ ದ್ವೀಪಗಳ ಯುದ್ಧದೇವತೆ 'ಕೂ'ವಿನ ವಿಗ್ರಹವೆಂದೂ, 1780ರಿಂದ 1820ರ ನಡುವಣ ಕೆತ್ತನೆಯೆಂದೂ ಹರಾಜು ಸಂಸ್ಥೆಯು ತಿಳಿಸಿತ್ತು. ಅದನ್ನು ಕೊಂಡ ಅಮೆರಿಕದ ಉದ್ಯಮಿ ಮಾರ್ಕ್ ಬೆನಿಯಾಫ್ ಅವರು ಮರುವರ್ಷವೇ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಒಪ್ಪಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ಕ್ಷೇತ್ರದ ಅನುಭವಿ ವ್ಯಾಪಾರಿಗಳಲ್ಲಿ ಕೆಲವರು ವಿಗ್ರಹದ ಪ್ರಾಚೀನತೆಯ ಬಗ್ಗೆ ಬಹಿರಂಗವಾಗಿ ಸಂದೇಹ ವ್ಯಕ್ತಪಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗರಿಗೆಂದೋ ಮದ್ಯದಂಗಡಿಯ ಅಲಂಕಾರಕ್ಕೆಂದೋ ತಯಾರಾದ ವಸ್ತು ಅದಾಗಿರಬಹುದು ಎಂಬ ವಾದವು 2019ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿಯೂ ಪ್ರಕಟವಾಯಿತು. ಹರಾಜು ಸಂಸ್ಥೆಯು ತನ್ನ ಅಭಿಪ್ರಾಯವನ್ನೇ ಸಮರ್ಥಿಸಿಕೊಂಡಿತು. ವಾದದ ಎರಡು ಪಕ್ಷಗಳಲ್ಲಿ ಯಾವುದು ಸರಿ ಎಂಬುದಕ್ಕಿಂತ ವರ್ತಕರು ಗಮನಿಸಬೇಕಾದ ಸಂಗತಿ ಬೇರೆಯದಿದೆ. ಆ ವಿಗ್ರಹದ ತಿಳಿದಿರುವ ಇತಿಹಾಸವು ಇಪ್ಪತ್ತನೆಯ ಶತಮಾನದ ಪ್ಯಾರಿಸ್ಸಿನ ವ್ಯಾಪಾರಿ ಕುಟುಂಬವೊಂದರ ಸಂಗ್ರಹದವರೆಗೆ ಹೋಗಿ ನಿಲ್ಲುತ್ತದೆ. ಅದಕ್ಕೂ ಮುಂಚಿನ ಒಂದು ಶತಮಾನಕ್ಕೂ ಮಿಗಿಲಾದ ಅವಧಿಗೆ ಕಾಗದಪತ್ರವಿಲ್ಲ. ಅದೇ ಮರ, ಅದೇ ಕೆತ್ತನೆ, ಅದೇ ಎತ್ತರ. ಆದರೆ ದಾಖಲೆಯ ಒಂದು ಕೊಂಡಿ ಇದ್ದರೆ ಕೋಟಿಗಳ ಬೆಲೆ, ಇಲ್ಲದಿದ್ದರೆ ಸಂದೇಹ. ಹಳೆಯ ಮರದ ವಿಗ್ರಹಗಳ ಸಂಗ್ರಹವೆಂಬುದು ರಸಿಕತೆಯಷ್ಟೇ ಲೆಕ್ಕಪತ್ರದ ವಿಷಯವೂ ಆಗಿದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ಹಳೆಯ ವಿಗ್ರಹಗಳು ಏಕೆ ಇಷ್ಟು ವಿರಳ?

ಶಾಂತಸಾಗರದಲ್ಲಿ ಉತ್ತರಕ್ಕೆ ಹವಾಯಿ, ನೈರುತ್ಯಕ್ಕೆ ನ್ಯೂಜಿಲೆಂಡ್, ಆಗ್ನೇಯಕ್ಕೆ ರಾಪಾ ನುಯಿ ಅಥವಾ ಈಸ್ಟರ್ ದ್ವೀಪ, ಈ ಮೂರನ್ನು ಮೂಲೆಗಳಾಗಿಸಿ ತ್ರಿಕೋನವೊಂದನ್ನು ಎಳೆದರೆ ಅದರೊಳಗೆ ಬರುವ ದ್ವೀಪಸಮೂಹವೇ ಪಾಲಿನೇಷ್ಯ. ತಾಹಿತಿ, ಸಮೋವಾ, ಟೋಂಗಾ, ಮಾರ್ಕೆಸಾಸ್, ಕುಕ್ ದ್ವೀಪಗಳು ಮೊದಲಾದವು ಇದರಲ್ಲಿ ಸೇರಿವೆ. ಇಲ್ಲಿನ ಜನರಿಗೆ ಹೊರಗಿನವರ ಸಂಪರ್ಕ ಬರುವ ಮೊದಲು ಲೋಹದ ಬಳಕೆ ತಿಳಿದಿರಲಿಲ್ಲ. ಕಲ್ಲಿನ ಬಾಚಿ, ಚಿಪ್ಪು, ಶಾರ್ಕ್ ಮೀನಿನ ಹಲ್ಲು, ಇವುಗಳಿಂದಲೇ ಅವರು ದೇವತೆಗಳ ಮತ್ತು ಪೂರ್ವಿಕರ ವಿಗ್ರಹಗಳನ್ನು ಕೆತ್ತುತ್ತಿದ್ದರು.

ಅವರು ಬಳಸಿದ ಮರಗಳಲ್ಲಿ ಕೆಲವು ಕರ್ನಾಟಕದವರಿಗೆ ಅಪರಿಚಿತವಲ್ಲ. ಹವಾಯಿಯ ದೊಡ್ಡ ದೇಗುಲ ವಿಗ್ರಹಗಳು ಕರಾವಳಿಯವರು ಜೀಗುಜ್ಜೆ ಎಂದು ಕರೆಯುವ ಮರದವು. ಮಾರ್ಕೆಸಾಸ್ ದ್ವೀಪಗಳ ಗದೆಗಳು ಕಡಲತೀರದಲ್ಲಿ ಗಾಳಿತಡೆಗೆಂದು ಬೆಳೆಸುವ ಗಾಳಿಮರದವು. ರಾಪಾ ನುಯಿಯ ಪಕ್ಕೆಲುಬು ಎದ್ದು ಕಾಣುವ ಕೃಶ ಪುರುಷ ಪ್ರತಿಮೆಗಳಿಗೆ ಮಾತ್ರ ತೊರೊಮಿರೊ ಎಂಬ ಸ್ಥಳೀಯ ಮರ ಬಳಕೆಯಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಆ ಮರ ದ್ವೀಪದ ಕಾಡಿನಿಂದಲೇ ಕಣ್ಮರೆಯಾಯಿತು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ವಿಗ್ರಹಗಳಲ್ಲಿ ಬಹುಪಾಲು ನಾಶವಾದವು. 1816ರಲ್ಲಿ ತಾಹಿತಿಯ ಅರಸ ಎರಡನೆಯ ಪೊಮಾರೆ ಕ್ರೈಸ್ತಮತದ ಕಡೆಗೆ ವಾಲಿ, ತನ್ನ ಮನೆದೇವರುಗಳನ್ನು ಲಂಡನ್ ಮಿಷನರಿ ಸೊಸೈಟಿಯವರಿಗೆ ಒಪ್ಪಿಸಿದನು. 1819ರಲ್ಲಿ ಹವಾಯಿಯ ಅರಸ ಲಿಹೊಲಿಹೊ ಪರಂಪರಾಗತ ಮಡಿ-ನಿಷೇಧಗಳ ವ್ಯವಸ್ಥೆಯನ್ನು ತಾನೇ ರದ್ದುಪಡಿಸಿದನು. ದೇಗುಲಗಳನ್ನು ಕೆಡವಿ ವಿಗ್ರಹಗಳನ್ನು ಸುಡಲಾಯಿತು. ಅಮೆರಿಕದ ಮಿಷನರಿಗಳು ಅಲ್ಲಿಗೆ ಬಂದದ್ದು ಅನಂತರ, 1820ರಲ್ಲಿ. ಹವಾಯಿಯ ಬೃಹತ್ ಕೂ ವಿಗ್ರಹಗಳಲ್ಲಿ ಉಳಿದಿರುವುದು ಕೇವಲ ಮೂರು. ಬಿಷಪ್ ವಸ್ತುಸಂಗ್ರಹಾಲಯ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಅಮೆರಿಕದ ಸೇಲಂ ನಗರದ ಪೀಬಾಡಿ ಎಸೆಕ್ಸ್ ಮ್ಯೂಸಿಯಂ, ಈ ಮೂರರಲ್ಲಿ ಒಂದೊಂದರಂತೆ ಇರುವ ಅವುಗಳನ್ನು 2010ರಲ್ಲಿ ಹೊನೊಲುಲುವಿನಲ್ಲಿ ಒಟ್ಟಿಗೆ ಪ್ರದರ್ಶಿಸಲಾಗಿತ್ತು.

ದಾಖಲೆ ಭದ್ರವಾಗಿದ್ದರೆ ವಸ್ತುವಿನ ಸ್ಥಾನ ಹೇಗಿರುತ್ತದೆ ಎಂಬುದಕ್ಕೆ ರುರುಟು ದ್ವೀಪದ 'ಆ' ಎಂಬ ದೇವತೆಯ ವಿಗ್ರಹವನ್ನು ನೋಡಬಹುದು. ಸುಮಾರು ನಾಲ್ಕು ಅಡಿ ಎತ್ತರದ ಈ ವಿಗ್ರಹದ ಮೈಮೇಲೆ 30 ಪುಟ್ಟ ಆಕೃತಿಗಳಿವೆ. ಬೆನ್ನಿನ ಭಾಗದಲ್ಲಿ ಮುಚ್ಚಳವುಳ್ಳ ಪೊಳ್ಳು ಇದೆ. 1821ರಲ್ಲಿ ರುರುಟುವಿನ ಜನರೇ ಇದನ್ನು ರಯಾಟಿಯಾ ದ್ವೀಪಕ್ಕೆ ತಂದು ಮಿಷನರಿಗಳಿಗೆ ಒಪ್ಪಿಸಿದರು. ಅಲ್ಲಿಂದ ಲಂಡನ್ನಿನ ಮಿಷನರಿ ಸೊಸೈಟಿಯ ಸಂಗ್ರಹಕ್ಕೆ, 1890ರಲ್ಲಿ ಎರವಲಾಗಿ ಬ್ರಿಟಿಷ್ ಮ್ಯೂಸಿಯಂಗೆ, 1911ರಲ್ಲಿ ಖರೀದಿಯ ಮೂಲಕ ಅದೇ ಮ್ಯೂಸಿಯಂನ ಸ್ವಾಮ್ಯಕ್ಕೆ ಅದು ಬಂದಿತು. ಕೈಬದಲಾದ ಪ್ರತಿಯೊಂದು ಹಂತಕ್ಕೂ ವರ್ಷವಿದೆ, ಹೆಸರಿದೆ. ಇತ್ತೀಚಿನ ವೈಜ್ಞಾನಿಕ ಪರೀಕ್ಷೆಯಲ್ಲಿ ಇದು ಶ್ರೀಗಂಧದ ಜಾತಿಯ ಮರವೆಂದೂ, ಮರದ ಕಾಲವು ಬಹುಮಟ್ಟಿಗೆ 1591ರಿಂದ 1647ರ ನಡುವಿನದೆಂದೂ ಕಂಡುಬಂದಿತು. ಅದಕ್ಕೆ ಮೊದಲು ತಜ್ಞರು ಅದನ್ನು ಬೇರೊಂದು ಮರವೆಂದೇ ಭಾವಿಸಿದ್ದರು. ಇಲ್ಲಿ ಪರೀಕ್ಷೆಯು ದಾಖಲೆಗೆ ಪೂರಕವಾಗಿ ಬಂದಿತೇ ಹೊರತು ದಾಖಲೆಯ ಸ್ಥಾನವನ್ನು ತುಂಬಲು ಬರಲಿಲ್ಲ.

ಮಾರುಕಟ್ಟೆಯಲ್ಲಿರುವ ನಾಲ್ಕು ವರ್ಗಗಳು

ಪಾಲಿನೇಷ್ಯದ ಮರದ ಪ್ರತಿಮೆ ಎಂದು ಮಾರಾಟಕ್ಕೆ ಬರುವ ವಸ್ತುಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಸುಮಾರು 1830ರ ದಶಕಕ್ಕೆ ಮುಂಚೆ ಪೂಜೆಗಾಗಿ ಕೆತ್ತಿದ ವಿಗ್ರಹಗಳು. ಇವು ಬಹುತೇಕ ವಸ್ತುಸಂಗ್ರಹಾಲಯಗಳಲ್ಲಿವೆ. ಖಾಸಗಿ ಮಾರಾಟಕ್ಕೆ ಬರುವುದು ಅತಿ ವಿರಳ.

ಎರಡನೆಯದು, ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಾವಿಕರಿಗೆ, ಅಧಿಕಾರಿಗಳಿಗೆ, ಪ್ರಯಾಣಿಕರಿಗೆ ಮಾರಲೆಂದೇ ದ್ವೀಪವಾಸಿಗಳು ಕೆತ್ತಿದವು. ರಾಪಾ ನುಯಿ ಮತ್ತು ಮಾರ್ಕೆಸಾಸ್ ದ್ವೀಪಗಳಲ್ಲಿ ಇಂತಹ ಉತ್ಪಾದನೆ ಗಣನೀಯವಾಗಿತ್ತು. ಇವು ಹಳೆಯವು, ನೈಜವಾದವು, ಆದರೆ ಪೂಜೆಗೊಂಡವಲ್ಲ.

ಮೂರನೆಯದು, 1930ರ ದಶಕದಿಂದ 1970ರ ದಶಕದವರೆಗಿನ 'ಟಿಕಿ' ಶೈಲಿಯ ಅಲಂಕಾರ ಪ್ರತಿಮೆಗಳು. ಹಾಲಿವುಡ್‌ನಲ್ಲಿ ಡಾನ್ ಬೀಚ್ ಎಂಬಾತ ತೆರೆದ ಮದ್ಯದಂಗಡಿಯೂ, ಓಕ್ಲೆಂಡ್‌ನಲ್ಲಿ ಆರಂಭವಾದ ಟ್ರೇಡರ್ ವಿಕ್ಸ್ ಉಪಾಹಾರಗೃಹವೂ ದ್ವೀಪಗಳ ವಾತಾವರಣವನ್ನು ವ್ಯಾಪಾರದ ಸರಕನ್ನಾಗಿ ಮಾಡಿದವು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದಲ್ಲಿ ಸೇವೆ ಸಲ್ಲಿಸಿ ಮರಳಿದ ಸೈನಿಕರು, 1947ರ ಕಾನ್-ಟಿಕಿ ತೆಪ್ಪಯಾನ, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದದ್ದು, ಇವೆಲ್ಲ ಸೇರಿ ಬೇಡಿಕೆಯನ್ನು ಹೆಚ್ಚಿಸಿದವು. ಕ್ಯಾಲಿಫೋರ್ನಿಯಾದ ವಿಟಿಯರ್ ಎಂಬಲ್ಲಿ 1956ರಲ್ಲಿ ಆರಂಭವಾಗಿ 2021ರಲ್ಲಿ ಬಾಗಿಲು ಮುಚ್ಚಿದ ಓಷಿಯಾನಿಕ್ ಆರ್ಟ್ಸ್ ಸಂಸ್ಥೆಯು ಉಪಾಹಾರಗೃಹಗಳಿಗೆ, ಹೋಟೆಲುಗಳಿಗೆ, ಚಲನಚಿತ್ರಗಳಿಗೆ ಇಂತಹ ಪ್ರತಿಮೆಗಳನ್ನು ಒದಗಿಸುತ್ತಿತ್ತು. ಹವಾಯಿಯ ಪ್ರವಾಸಿಗರಿಗೆಂದು 'ಮಂಕಿಪಾಡ್' ಮರದ ಸಾಮಾನುಗಳೂ ಅಪಾರವಾಗಿ ತಯಾರಾದವು. ಅವುಗಳಲ್ಲಿ ಎಷ್ಟೋ ಫಿಲಿಪ್ಪೀನ್ಸ್ ದೇಶದಲ್ಲಿ ಕೆತ್ತಿದವು. ಮಂಕಿಪಾಡ್ ಎಂದರೆ ಬೆಂಗಳೂರಿನ ಹಳೆಯ ರಸ್ತೆಗಳ ಬದಿಯಲ್ಲಿ ನೆರಳು ನೀಡುವ ಮಳೆಮರವೇ. ಅದರ ಮೂಲ ಪಾಲಿನೇಷ್ಯವಲ್ಲ, ಉಷ್ಣವಲಯದ ಅಮೆರಿಕ.

ನಾಲ್ಕನೆಯದು, ಇತ್ತೀಚಿನ ದಶಕಗಳಲ್ಲಿ ಇಂಡೋನೇಷ್ಯ ಮೊದಲಾದೆಡೆ ಸಗಟಾಗಿ ತಯಾರಾಗುವ ಪ್ರತಿಮೆಗಳು. ಹೊಸದನ್ನು ಹೊಸದೆಂದೇ ಮಾರಿದರೆ ಇವುಗಳಲ್ಲಿ ಯಾವ ದೋಷವೂ ಇಲ್ಲ.

ಮೋಸವೆಂಬುದು ಈ ವರ್ಗಗಳ ಒಳಗೆ ಇಲ್ಲ. ಒಂದು ವರ್ಗದ ವಸ್ತುವನ್ನು ಅದಕ್ಕೂ ಮೇಲಿನ ವರ್ಗದ ಬೆಲೆಗೆ ಮಾರುವಲ್ಲಿದೆ. ಹೊಸ ಪ್ರತಿಮೆಗೆ ಹೊಗೆ ಹಿಡಿಸಿ, ಬಣ್ಣ ಬಳಿದು, ಅಂಚು ಸವೆಸಿ 1950ರ ದಶಕದ್ದೆಂದು ತೋರಿಸುವುದುಂಟು. 1950ರ ದಶಕದ ಅಲಂಕಾರ ವಸ್ತುವನ್ನು ದೇಗುಲದ ವಿಗ್ರಹವೆಂದು ಮಾರುವುದೂ ಉಂಟು. ಇದು ಇಂದಿನ ರೋಗವಲ್ಲ. ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಲಿಟಲ್ ಎಂಬ ವ್ಯಾಪಾರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ನ್ಯೂಜಿಲೆಂಡಿನ ಮಾವೋರಿ ಜನರ ಕೆತ್ತನೆಗಳನ್ನು ನಕಲು ಮಾಡಿ ನುರಿತ ಸಂಗ್ರಾಹಕರನ್ನೂ ವಂಚಿಸಿದ್ದನು. ಅವನ ಕೈಯ ನಕಲುಗಳಿಗೆ ಈಗ ಸುಮಾರು ನೂರು ವರ್ಷವಾಗಿದೆ. ಆದುದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ನೈಜವೆಂದು ತೀರ್ಮಾನಿಸುವಂತಿಲ್ಲ.

ಸಾಧಾರಣ ಬಂಡವಾಳದ ಸಂಗ್ರಾಹಕನಿಗೆ ಎರಡನೆಯ ಮತ್ತು ಮೂರನೆಯ ವರ್ಗಗಳೇ ಸೂಕ್ತ. ಮೂರನೆಯ ವರ್ಗದಲ್ಲಿಯೂ ಕೆತ್ತಿದವನ ಸಹಿ, ಕಾರ್ಯಾಗಾರದ ಮುದ್ರೆ, ಆ ಪ್ರತಿಮೆ ನಿಂತಿದ್ದ ಉಪಾಹಾರಗೃಹದ ಹಳೆಯ ಛಾಯಾಚಿತ್ರ, ಇವುಗಳಲ್ಲಿ ಒಂದಿದ್ದರೂ ಬೆಲೆ ಹೆಚ್ಚುತ್ತದೆ.

ಪರೀಕ್ಷೆಗಳು ಎಷ್ಟನ್ನು ಹೇಳಬಲ್ಲವು?

ಖರೀದಿಗೆ ಮುನ್ನ ಮಾಡಿಸಬಹುದಾದ ಪರೀಕ್ಷೆಗಳಿವೆ. ಆದರೆ ಪ್ರತಿಯೊಂದಕ್ಕೂ ಮಿತಿಯಿದೆ.

ಮರದ ಗುರುತು: ತೆಳುವಾದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮರದ ಜಾತಿಯನ್ನು ತಿಳಿಯಬಹುದು. ದ್ವೀಪಗಳಿಗೆ ತಡವಾಗಿ ಬಂದ ಮರದಲ್ಲಿ ಕೆತ್ತಿದ 'ಪುರಾತನ' ವಿಗ್ರಹವನ್ನು ಈ ಒಂದು ಪರೀಕ್ಷೆಯೇ ತಳ್ಳಿಹಾಕುತ್ತದೆ. ಆದರೆ ಸರಿಯಾದ ಮರವಾಗಿದ್ದ ಮಾತ್ರಕ್ಕೆ ವಿಗ್ರಹ ಹಳೆಯದಾಗುವುದಿಲ್ಲ.

ಉಳಿಯ ಗುರುತು: ಕಲ್ಲಿನ ಬಾಚಿಯ ಏಟು ಅಗಲವಾಗಿಯೂ ಮೊಂಡಾಗಿಯೂ ಇರುತ್ತದೆ, ಕಬ್ಬಿಣದ ಉಳಿಯ ಅಂಚು ಚೂಪಾಗಿರುತ್ತದೆ. 1768ರಿಂದ 1779ರವರೆಗಿನ ಕ್ಯಾಪ್ಟನ್ ಕುಕ್‌ನ ಯಾನಗಳ ಕಾಲದಲ್ಲಿ ದ್ವೀಪವಾಸಿಗಳು ಕಬ್ಬಿಣಕ್ಕೆ ಹಾತೊರೆದು ವಿನಿಮಯ ಮಾಡಿಕೊಂಡರು. ಆದ್ದರಿಂದ ಲೋಹದ ಗುರುತು ಕಂಡೊಡನೆ ನಕಲಿ ಎನ್ನುವುದೂ ತಪ್ಪು.

ಇಂಗಾಲದ ಪರೀಕ್ಷೆ: ಇದು ಮರ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಕೆತ್ತಿದ ಕಾಲವನ್ನಲ್ಲ. ಹಳೆಯ ತೊಲೆಯಲ್ಲಿ ಹೊಸ ವಿಗ್ರಹ ಕೆತ್ತಿದರೆ ಪರೀಕ್ಷೆ ಹಳೆಯ ವರ್ಷವನ್ನೇ ತೋರಿಸೀತು. ಇದಲ್ಲದೆ ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗಿನ ಮರಕ್ಕೆ ಈ ವಿಧಾನವು ಒಂದೇ ಖಚಿತ ಅವಧಿಯನ್ನು ಕೊಡದೆ ಹಲವು ಸಾಧ್ಯತೆಗಳನ್ನು ಮುಂದಿಡುತ್ತದೆ. ಸಂಗ್ರಾಹಕನಿಗೆ ಬೇಕಾದ ಅವಧಿಯೂ ಬಹುಪಾಲು ಅದೇ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದ ಇಂಗಾಲದ ಪ್ರಮಾಣ ಬದಲಾದ ಕಾರಣ, 1955ರ ನಂತರ ಬೆಳೆದ ಮರವನ್ನು ಮಾತ್ರ ಸ್ಪಷ್ಟವಾಗಿ ಗುರುತಿಸಬಹುದು.

ಹೀಗಾಗಿ ಪರೀಕ್ಷೆಗಳು ಸುಳ್ಳನ್ನು ಹೊರಗೆಡವಬಲ್ಲವು. ಸತ್ಯವನ್ನು ಸ್ಥಾಪಿಸಲು ಅವುಗಳಿಂದಷ್ಟೇ ಸಾಧ್ಯವಿಲ್ಲ. ಆ ಕೆಲಸವನ್ನು ಮಾಡುವುದು ಸ್ವಾಮ್ಯದ ಇತಿಹಾಸ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ವಿಗ್ರಹವು ದಾಸ್ತಾನು, ಸ್ವಾಮ್ಯದ ಇತಿಹಾಸವು ಅದರ ಖಾತೆವಹಿ. ವೋಚರ್ ಇಲ್ಲದ ನಮೂದನ್ನು ಲೆಕ್ಕ ಪರಿಶೋಧಕನು ಹೇಗೆ ಒಪ್ಪುವುದಿಲ್ಲವೋ ಹಾಗೆಯೇ ಕಾಗದವಿಲ್ಲದ ಶತಮಾನವನ್ನು ಮಾರುಕಟ್ಟೆಯು ಒಪ್ಪುವುದಿಲ್ಲ. ಲಂಡನ್ನಿನ ವ್ಯಾಪಾರಿ ಓಲ್ಡ್‌ಮನ್ ಅವರ ಸ್ವಂತ ಸಂಗ್ರಹವನ್ನು ನ್ಯೂಜಿಲೆಂಡ್ ಸರ್ಕಾರವು 1948ರಲ್ಲಿ ಕೊಂಡುಕೊಂಡಿತು. ಇಂಗ್ಲೆಂಡಿನ ಜೇಮ್ಸ್ ಹೂಪರ್ ಅವರ ಸಂಗ್ರಹಕ್ಕೆ 1976ರಲ್ಲಿ ಸಚಿತ್ರ ಸೂಚಿಯೇ ಮುದ್ರಣವಾಯಿತು. ಇಂತಹ ಸಂಗ್ರಹಗಳ ಮೂಲಕ ಹಾದುಬಂದ ವಸ್ತುಗಳ ಮೇಲೆ ಉಳಿದಿರುವ ಸಂಖ್ಯೆಯ ಚೀಟಿಗೂ ಈಗ ಬೆಲೆಯಿದೆ. ಆದುದರಿಂದ ಕೊಂಡ ವಿಗ್ರಹವನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ಹಳೆಯ ಚೀಟಿ, ಬರಹ, ಮುದ್ರೆಗಳನ್ನು ತೆಗೆಯುವುದು ಸ್ವತಃ ನಷ್ಟ ತಂದುಕೊಂಡಂತೆ.

ಸ್ವಾಮ್ಯ ಶುದ್ಧವಾಗಿರಬೇಕು

ವಸ್ತು ನೈಜವಾಗಿದ್ದರೂ ಅದು ಬಂದ ದಾರಿ ಸರಿಯಿಲ್ಲದಿದ್ದರೆ ತೊಂದರೆ ತಪ್ಪಿದ್ದಲ್ಲ. ನ್ಯೂಜಿಲೆಂಡಿನ ತರನಾಕಿ ಪ್ರಾಂತ್ಯದ ಮೊಟುನುಯಿ ಎಂಬಲ್ಲಿ 1970ರ ದಶಕದ ಆರಂಭದಲ್ಲಿ ಜೌಗುನೆಲದಿಂದ ಐದು ಮಾವೋರಿ ಕೆತ್ತನೆ ಹಲಗೆಗಳು ದೊರೆತವು. ಅನುಮತಿಯಿಲ್ಲದೆ ಅವು ದೇಶದ ಹೊರಗೆ ಹೋಗಿ ಜಾರ್ಜ್ ಓರ್ಟಿಜ್ ಎಂಬ ಸಂಗ್ರಾಹಕರ ಕೈ ಸೇರಿದವು. 1978ರಲ್ಲಿ ಲಂಡನ್ನಿನ ಸೋತ್‌ಬೀಸ್ ಹರಾಜಿಗೆ ಅವು ಬಂದಾಗ ನ್ಯೂಜಿಲೆಂಡ್ ಸರ್ಕಾರವು ನ್ಯಾಯಾಲಯಕ್ಕೆ ಹೋಯಿತು. ಕಾನೂನುಬಾಹಿರವಾಗಿ ರಫ್ತಾದ ಮಾತ್ರಕ್ಕೆ ವಸ್ತು ಸರ್ಕಾರದ ಸ್ವಾಮ್ಯಕ್ಕೆ ಬರುವುದಿಲ್ಲ, ಅದನ್ನು ವಾಸ್ತವವಾಗಿ ವಶಪಡಿಸಿಕೊಂಡಿರಬೇಕು ಎಂದು 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಸರ್ಕಾರವು ಸೋತಿತು. ಆದರೆ ಗೆದ್ದವರಿಗೂ ನೆಮ್ಮದಿ ದೊರೆಯಲಿಲ್ಲ. ವಿವಾದದ ಕಳಂಕ ಹೊತ್ತ ವಸ್ತು ಹರಾಜಿನಿಂದ ದೂರವೇ ಉಳಿಯಿತು. ಕೊನೆಗೆ 2014ರಲ್ಲಿ ನ್ಯೂಜಿಲೆಂಡ್ ಸರ್ಕಾರವು 45 ಲಕ್ಷ ನ್ಯೂಜಿಲೆಂಡ್ ಡಾಲರ್ ಕೊಟ್ಟು ಅವುಗಳನ್ನು ಮರಳಿ ಪಡೆಯಿತು. ಆ ದೇಶದ 1975ರ ಸಂರಕ್ಷಿತ ವಸ್ತುಗಳ ಕಾಯಿದೆಯು ಇಂತಹ ವಸ್ತುಗಳ ರಫ್ತಿಗೆ ಅನುಮತಿಯನ್ನು ಕಡ್ಡಾಯಗೊಳಿಸಿದೆ. ಅಮೆರಿಕದ 1990ರ ಕಾಯಿದೆಯು ಹವಾಯಿಯ ಮೂಲನಿವಾಸಿಗಳ ಸಮಾಧಿವಸ್ತು ಮತ್ತು ಪೂಜಾವಸ್ತುಗಳನ್ನು ವಸ್ತುಸಂಗ್ರಹಾಲಯಗಳಿಂದ ಅವರಿಗೆ ಹಿಂದಿರುಗಿಸಲು ಅವಕಾಶ ಕಲ್ಪಿಸಿದೆ.

ಇಲ್ಲಿ ಕಾನೂನಿನ ಜೊತೆಗೆ ಇನ್ನೊಂದು ಮಾತೂ ಇದೆ. ಸಂಗ್ರಾಹಕನಿಗೆ ಪ್ರತಿಮೆಯಾಗಿ ಕಾಣುವುದು ಆ ಜನರಿಗೆ ಪೂರ್ವಿಕರು. ಯಾವುದೋ ಊರಿನ ಗುಡಿಯಿಂದ ಕಾಣೆಯಾದ ಮೂರ್ತಿಯು ವಿದೇಶದ ಬೈಠಕ್‌ಖಾನೆಯಲ್ಲಿ ಕಂಡರೆ ಆ ಊರಿನವರಿಗೆ ಆಗುವ ಸಂಕಟವನ್ನು ಭಾರತೀಯ ಖರೀದಿದಾರನಿಗೆ ವಿವರಿಸಬೇಕಾಗಿಲ್ಲ.

ಭಾರತೀಯ ಖರೀದಿದಾರನು ಗಮನಿಸಬೇಕಾದ ಅಂಶಗಳು

ಸುಂಕದ ವರ್ಗೀಕರಣ: ಅಲಂಕಾರದ ಮರದ ಪ್ರತಿಮೆಗಳು ಸುಂಕ ಪಟ್ಟಿಯ 4420ನೆಯ ಶೀರ್ಷಿಕೆಯಡಿ ಬರುತ್ತವೆ. ಮೂಲ ಶಿಲ್ಪಕೃತಿಗಳಿಗೆ 9703, ನೂರು ವರ್ಷ ಮೀರಿದ ಇತರ ಪುರಾತನ ವಸ್ತುಗಳಿಗೆ 9706. ಆದರೆ ಸಗಟಾಗಿ ತಯಾರಿಸಿದ ಪ್ರತಿಕೃತಿಗಳಿಗೂ ವಾಣಿಜ್ಯ ಸ್ವರೂಪದ ಸಾಧಾರಣ ಕುಶಲ ಕೆಲಸಕ್ಕೂ 9703 ಅನ್ವಯಿಸುವುದಿಲ್ಲ. ಮೇಲೆ ಹೇಳಿದ ವರ್ಗಗಳ ವ್ಯತ್ಯಾಸವು ಸುಂಕದ ಕಟ್ಟೆಯಲ್ಲಿಯೂ ಪ್ರಶ್ನೆಯಾಗಿ ಬರುತ್ತದೆ ಎಂದಾಯಿತು. ದರಗಳನ್ನು ಆಮದಿನ ದಿನದ ಅಧಿಸೂಚನೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ವನ್ಯಜೀವಿ ಕಾನೂನು: ಕೆಲವು ವಿಗ್ರಹಗಳಲ್ಲಿ ತಿಮಿಂಗಿಲದ ಹಲ್ಲು, ಆಮೆಯ ಚಿಪ್ಪು, ಹಕ್ಕಿಯ ಗರಿಗಳನ್ನು ಅಳವಡಿಸಿರುತ್ತಾರೆ. ಸಂರಕ್ಷಿತ ಪ್ರಾಣಿಗಳ ಭಾಗಗಳಿರುವ ವಸ್ತು ಎಷ್ಟೇ ಹಳೆಯದಾದರೂ ಆಮದಿನಲ್ಲಿ ತೊಡಕು ಉಂಟಾಗಬಹುದು. ಮರವನ್ನು ಬಿಟ್ಟು ಬೇರೇನಿದೆ ಎಂಬುದನ್ನು ಮಾರಾಟಗಾರನಿಂದ ಲಿಖಿತವಾಗಿ ಪಡೆಯಬೇಕು.

ಪುರಾತನ ವಸ್ತುಗಳ ಕಾಯಿದೆ: 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪವನ್ನು ಪುರಾತನ ವಸ್ತುವೆಂದು ಪರಿಗಣಿಸುತ್ತದೆ, ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ವ್ಯಾಖ್ಯೆಯಲ್ಲಿ ವಸ್ತು ಎಲ್ಲಿ ತಯಾರಾಯಿತೆಂಬ ಮಾತಿಲ್ಲ. ಆದುದರಿಂದ ವಿದೇಶದಿಂದ ತಂದ ಹಳೆಯ ವಿಗ್ರಹವನ್ನು ಮುಂದೆ ಹೊರದೇಶದ ಹರಾಜಿಗೆ ಕಳುಹಿಸುವ ಆಲೋಚನೆ ಇರುವವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಮೊದಲೇ ವಿಚಾರಿಸುವುದು ವಿವೇಕ. ಆಮದಿನ ದಾಖಲೆಗಳನ್ನು ಎಂದೆಂದಿಗೂ ಕಾಪಾಡಬೇಕು.

ಆದಾಯ ತೆರಿಗೆ: ಮನೆಯ ಪೀಠೋಪಕರಣದಂತೆ ವಿಗ್ರಹವೂ ಸ್ವಂತ ಬಳಕೆಯ ವಸ್ತು, ಮಾರಿದರೆ ತೆರಿಗೆ ಇಲ್ಲ ಎಂಬ ಭಾವನೆ ಹಲವರಲ್ಲಿದೆ. ಇದು ತಪ್ಪು. 2007ರ ಹಣಕಾಸು ಕಾಯಿದೆಯ ತಿದ್ದುಪಡಿಯ ನಂತರ ಶಿಲ್ಪ, ಚಿತ್ರ ಮತ್ತು ಇತರ ಕಲಾಕೃತಿಗಳು ಬಂಡವಾಳ ಆಸ್ತಿಗಳೇ ಆಗಿವೆ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭವು ದೀರ್ಘಾವಧಿಯದು. 2024ರ ಜುಲೈ 23ರಿಂದ ಇದಕ್ಕೆ ಹಣದುಬ್ಬರದ ಸೂಚ್ಯಂಕದ ಅನುಕೂಲವಿಲ್ಲದೆ ಶೇಕಡಾ 12.5ರ ದರ ನಿಗದಿಯಾಯಿತು. ಪಿತ್ರಾರ್ಜಿತವಾಗಿ ಬಂದಿದ್ದರೆ ಹಿಂದಿನ ಸ್ವಾಮಿಯು ಕೊಟ್ಟ ಬೆಲೆಯೇ ವೆಚ್ಚ. 2001ರ ಏಪ್ರಿಲ್ 1ಕ್ಕೆ ಮುಂಚಿನ ಖರೀದಿಯಾದರೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಆಧಾರವಾಗಿ ಹಿಡಿಯಬಹುದು. ವ್ಯಾಪಾರವನ್ನೇ ನಡೆಸುವವರಿಗೆ ಇದು ದಾಸ್ತಾನು; ಲಾಭವು ವ್ಯಾಪಾರದ ಆದಾಯ. ಯಾವ ಸಂದರ್ಭದಲ್ಲಿಯೂ ಖರೀದಿಯ ರಸೀದಿ ಇಲ್ಲದಿದ್ದರೆ ವೆಚ್ಚವನ್ನು ಸಾಬೀತುಪಡಿಸುವುದು ಕಷ್ಟ.

ಪ್ರತಿಯೊಂದು ವಿಗ್ರಹಕ್ಕೂ ಒಂದು ಕಡತ

ಸಂಗ್ರಾಹಕನು ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕ ಕಡತವನ್ನು ತೆರೆದು ಈ ಕೆಳಗಿನವುಗಳನ್ನು ಇಡುವುದು ಸೂಕ್ತ:

1. ಮಾರಾಟಗಾರನ ಹೆಸರು, ವಿಳಾಸ, ದಿನಾಂಕ, ವಸ್ತುವಿನ ವಿವರ ಮತ್ತು ಕಾಲವನ್ನು ಸ್ಪಷ್ಟವಾಗಿ ನಮೂದಿಸಿದ ರಸೀದಿ. 'ಮರದ ಪ್ರತಿಮೆ, ಒಂದು' ಎಂಬಷ್ಟೇ ಬರೆದ ರಸೀದಿ ಮುಂದೆ ಉಪಯೋಗಕ್ಕೆ ಬಾರದು.
2. ಹಿಂದಿನ ಸ್ವಾಮಿಗಳ ವಿವರ. ಲಭ್ಯವಿರುವ ಪತ್ರ, ಹಳೆಯ ಛಾಯಾಚಿತ್ರ, ಹರಾಜಿನ ಸೂಚಿಯ ಪುಟ.
3. ಬ್ಯಾಂಕಿನ ಮೂಲಕ ಮಾಡಿದ ಪಾವತಿಯ ದಾಖಲೆ, ಆಮದಿನ ಬಿಲ್ ಆಫ್ ಎಂಟ್ರಿ, ಸುಂಕದ ರಸೀದಿ, ರಫ್ತುದೇಶದ ಅನುಮತಿ ಪತ್ರ.
4. ಅಳತೆ, ತೂಕ, ಬಿರುಕು ಮತ್ತು ದುರಸ್ತಿಯ ವಿವರ. ನಾಲ್ಕೂ ದಿಕ್ಕಿನಿಂದ ಹಾಗೂ ತಳಭಾಗದಿಂದ ತೆಗೆದ ಚಿತ್ರಗಳು.
5. ತಜ್ಞರ ಅಭಿಪ್ರಾಯ ಪತ್ರ ಮತ್ತು ವಿಮಾ ಪತ್ರ.

ಈ ಕಡತದ ಅಗತ್ಯ ಹೆಚ್ಚಾಗಿ ಅರಿವಿಗೆ ಬರುವುದು ಸಂಗ್ರಾಹಕನ ನಂತರ. ಮೂವತ್ತು ವರ್ಷ ಶ್ರಮಿಸಿ ಕೂಡಿಸಿದ ವಸ್ತುಗಳ ಕಥೆಯೆಲ್ಲ ಒಬ್ಬನ ನೆನಪಿನಲ್ಲೇ ಉಳಿದರೆ ಅವನೊಡನೆಯೇ ಅದೂ ಅಳಿಯುತ್ತದೆ. ವಾರಸುದಾರರು ಅದನ್ನು ಹಳೆಯ ಸಾಮಾನಿನವನಿಗೆ ಅವನು ಹೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ, ಇಲ್ಲವೇ ಇಲ್ಲದ ಬೆಲೆಯನ್ನು ಕಲ್ಪಿಸಿಕೊಂಡು ಪಾಲಿನ ಜಗಳಕ್ಕೆ ಇಳಿಯುತ್ತಾರೆ. ಎರಡರಲ್ಲಿಯೂ ಸಂಗ್ರಹದ ಉದ್ದೇಶ ಕೆಡುತ್ತದೆ.

ರುರುಟುವಿನ ದೇವತೆಯನ್ನು ಕೆತ್ತಿದ ಶಿಲ್ಪಿಯ ಹೆಸರು ಇಂದು ಯಾರಿಗೂ ತಿಳಿಯದು. ಆದರೂ ಅದನ್ನು ಯಾರು, ಯಾವಾಗ, ಯಾರಿಗೆ ಒಪ್ಪಿಸಿದರೆಂಬುದನ್ನು ಬರೆದಿಟ್ಟ ಕಾರಣ ಎರಡು ಶತಮಾನ ಕಳೆದರೂ ಅದರ ಬಗ್ಗೆ ಅನುಮಾನವಿಲ್ಲ. ಪ್ಯಾರಿಸ್ಸಿನ ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆ ತಂದ ವಿಗ್ರಹಕ್ಕೆ ಆ ಭಾಗ್ಯವಿಲ್ಲ. ವಿಗ್ರಹವನ್ನು ಕೊಳ್ಳುವ ದಿನ ಅದರ ಜೊತೆಗೆ ಬರುವ ಕಾಗದಗಳನ್ನೂ ಅಷ್ಟೇ ಎಚ್ಚರದಿಂದ ಎಣಿಸಿ ಪಡೆಯುವವನೇ ಜಾಣ ಖರೀದಿದಾರ.